ಗೃಹಸ್ಥನೂ ವಿದ್ಯುದ್ರಥವೂ

ಮನೆಗೆ ಹೊಸದಾಗಿ ಕಾರೊಂದನ್ನು ತರಬೇಕೆಂಬ ವಿಚಾರವು ಹುಟ್ಟಿದ ಕೂಡಲೇ ಈಗಿನ ಕಾಲದ ಗೃಹಸ್ಥನ ಮುಂದೆ ಮೂರು ದಾರಿಗಳು ತೆರೆದು ನಿಲ್ಲುತ್ತವೆ. ಪೆಟ್ರೋಲು ಡೀಸೆಲುಗಳಿಂದ ಓಡುವ ಹಳೆಯ ಬಗೆಯದು ಒಂದು. ಬ್ಯಾಟರಿಯಲ್ಲಿ ತುಂಬಿದ ವಿದ್ಯುತ್ತಿನಿಂದಲೇ ಓಡುವುದು ಇನ್ನೊಂದು. ಎರಡನ್ನೂ ಕೂಡಿಸಿಕೊಂಡ ಹೈಬ್ರಿಡ್ ಎಂಬುದು ಮೂರನೆಯದು. ಬೆಲೆ, ಬಣ್ಣ, ಸೌಕರ್ಯಗಳ ಮಾತೆಲ್ಲವೂ ಮುಗಿದ ಮೇಲೆ ಮನೆಯ ಹಿರಿಯರಲ್ಲೊಬ್ಬರು ಒಂದು ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ: “ಊರಿಗೆ ಹೋಗುವಾಗ ನಡುದಾರಿಯಲ್ಲಿ ನಿಂತುಬಿಟ್ಟರೆ ಏನು ಗತಿ?” ಪ್ರಶ್ನೆಯೇನೋ ಚಿಕ್ಕದು. ಆದರೆ ವಿದ್ಯುತ್ ಕಾರಿನ ವಿಷಯದಲ್ಲಿ ನಡೆಯುವ ವಾದವೆಲ್ಲವೂ ಇದನ್ನೇ ಸುತ್ತುತ್ತಿರುವುದರಿಂದ ಇದನ್ನು ಸಾವಧಾನವಾಗಿ ಪರಿಶೀಲಿಸುವುದು ಯುಕ್ತವಾಗಿದೆ.

ವಿದ್ಯುತ್ ಕಾರು ನಿನ್ನೆ ಮೊನ್ನೆ ಹುಟ್ಟಿದುದೆಂದು ಅನೇಕರು ತಿಳಿದಿರುವರು. ಅದು ಸರಿಯಲ್ಲ. ಗಂಟೆಗೆ 100 ಕಿಲೋಮೀಟರಿನ ವೇಗವನ್ನು ಮೊದಲು ದಾಟಿದ ಕಾರು ವಿದ್ಯುತ್ತಿನದೇ ಆಗಿದ್ದಿತು. ಬೆಲ್ಜಿಯಮ್ ದೇಶದ ಕಮೀಲ್ ಜೆನಾಟ್ಜಿ ಎಂಬಾತನು 1899ರಲ್ಲಿ ಅದನ್ನು ಓಡಿಸಿದನು. ಮರುವರ್ಷವೇ ಫರ್ಡಿನಾಂಡ್ ಪೋರ್ಷೆ ಎಂಬ ಶಿಲ್ಪಿಯು ಪೆಟ್ರೋಲ್ ಎಂಜಿನನ್ನೂ ವಿದ್ಯುತ್ ಮೋಟಾರುಗಳನ್ನೂ ಒಂದೇ ಗಾಡಿಯಲ್ಲಿ ಕೂಡಿಸಿ ತೋರಿಸಿದನು. ಹೀಗಿದ್ದರೂ ವಿದ್ಯುತ್ ಕಾರು ಸೋತುಹೋಯಿತು. ಪೆಟ್ರೋಲು ಅಗ್ಗವಾದುದು ಇದಕ್ಕೆ ಒಂದು ಕಾರಣ; ಇನ್ನೊಂದು ಕಾರಣವು ವಿಚಿತ್ರವಾದುದು. ಪೆಟ್ರೋಲ್ ಕಾರನ್ನು ಚಾಲೂ ಮಾಡುವುದಕ್ಕೆ ಕೈಯಿಂದ ಹಿಡಿಕೆಯನ್ನು ತಿರುಗಿಸಬೇಕಾಗಿದ್ದ ಕಷ್ಟವನ್ನು 1912ರ ಕ್ಯಾಡಿಲ್ಯಾಕ್ ಕಾರಿನಲ್ಲಿ ಅಳವಡಿಸಿದ ಸ್ಟಾರ್ಟರ್ ಎಂಬ ಚಿಕ್ಕ ವಿದ್ಯುತ್ ಮೋಟಾರು ಪರಿಹರಿಸಿತು. ವಿದ್ಯುತ್ತು ತನ್ನ ಪ್ರತಿಸ್ಪರ್ಧಿಗೆ ತಾನೇ ಕೈಹಿಡಿದು ನಡೆಯುವುದನ್ನು ಕಲಿಸಿ, ಆ ಬಳಿಕ ಎಂಟು ಒಂಬತ್ತು ದಶಕಗಳ ಕಾಲ ರಸ್ತೆಯಿಂದ ಹಿಂದೆ ಸರಿದು ನಿಂತಿತು.

ಕನ್ನಡ ನಾಡಿಗೂ ವಿದ್ಯುತ್ತಿಗೂ ಇರುವ ನಂಟು ಹಳೆಯದು. ಶಿವನಸಮುದ್ರದ ಜಲಪಾತದಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ತೊಂಬತ್ತು ಮೈಲಿಗಳಿಗೂ ಮಿಕ್ಕ ದಾರಿಯನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಸೇರಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಅದೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿ ಮಾರಾಟಕ್ಕೆ ಬಂದಿತು. ಸೀಸದ ಬ್ಯಾಟರಿಯ ಆ ಕಾರು ಒಂದು ಸಲ ಚಾರ್ಜು ಮಾಡಿದರೆ ಸುಮಾರು 80 ಕಿಲೋಮೀಟರು ಓಡುತ್ತಿದ್ದಿತು. ಲಂಡನ್ನಿನ ಜನರು ಅದನ್ನು ಬೇರೊಂದು ಹೆಸರಿನಿಂದ ಕೊಂಡು ಬಳಸಿದರು. ಇಲ್ಲಿಯ ಜನರು ಬಹುಮಟ್ಟಿಗೆ ನೋಡಿ ನಕ್ಕು ಸುಮ್ಮನಾದರು. ಈಗಿನ ಕಾರುಗಳಲ್ಲಿರುವ ಲಿಥಿಯಮ್ ಬ್ಯಾಟರಿಯು 30 ಯೂನಿಟ್ಟಿನಿಂದ ಹಿಡಿದು 60, 70 ಯೂನಿಟ್ಟುಗಳವರೆಗೂ ವಿದ್ಯುತ್ತನ್ನು ಹಿಡಿದಿಡಬಲ್ಲುದು. ಒಂದು ಯೂನಿಟ್ಟಿಗೆ ಆರರಿಂದ ಎಂಟು ಕಿಲೋಮೀಟರು ಓಡುವುದು ಸಾಮಾನ್ಯವಾಗಿರುವುದರಿಂದ 40 ಯೂನಿಟ್ಟಿನ ಕಾರು 240 ಕಿಲೋಮೀಟರಿಗೆ ಕಡಮೆಯಿಲ್ಲದಂತೆ ಹೋಗಬಹುದೆಂದು ಎಣಿಸಬಹುದು. ಮಾರುವವರು ಹೇಳುವ ಸಂಖ್ಯೆಯು ಇದಕ್ಕಿಂತ ಬಹಳ ದೊಡ್ಡದಾಗಿರುವುದುಂಟು. ಅದು ಪ್ರಯೋಗಶಾಲೆಯ ಲೆಕ್ಕ. ಸಂಸಾರದ ಲೆಕ್ಕಕ್ಕೆ ಅದರಲ್ಲಿ ಮೂರನೆಯ ಒಂದು ಪಾಲನ್ನು ಕಳೆದುಕೊಳ್ಳುವುದು ಕ್ಷೇಮ.

ದಿನದಿನದ ಓಡಾಟದ ವಿಷಯದಲ್ಲಿ ವಿವಾದಕ್ಕೆ ಹೆಚ್ಚಿನ ಆಸ್ಪದವಿಲ್ಲ. ಕಚೇರಿ, ಪಾಠಶಾಲೆ, ಅಂಗಡಿ, ದೇವಸ್ಥಾನ, ಬಂಧುಗಳ ಮನೆ, ಇವೆಲ್ಲವೂ ಸೇರಿ ದಿನಕ್ಕೆ 40 ಕಿಲೋಮೀಟರು ಆಯಿತೆನ್ನೋಣ. ಅದಕ್ಕೆ ಬೇಕಾದುದು ಆರು ಯೂನಿಟ್ಟು. ನೀರು ಕಾಯಿಸುವ ಗೀಸರಿಗೆ ಇರುವಂಥ ಹದಿನೈದು ಆಂಪೇರಿನ ಸಾಕೆಟ್ಟು ಕಾರು ನಿಲ್ಲುವಲ್ಲಿ ಒಂದಿದ್ದರೆ ಎರಡು ಮೂರು ಗಂಟೆಗಳಲ್ಲಿ ಅಷ್ಟು ವಿದ್ಯುತ್ತು ತುಂಬುತ್ತದೆ. ಮನೆಯವರು ಊಟ ಮಾಡಿ ಮಲಗಿ ಏಳುವುದರೊಳಗೆ ಕಾರಿನ ಊಟವೂ ಆಗಿರುತ್ತದೆ. ಯೂನಿಟ್ಟಿಗೆ ಏಳು ರೂಪಾಯಿ ಎಂದಿಟ್ಟುಕೊಂಡರೆ ಕಿಲೋಮೀಟರಿಗೆ ಒಂದು ರೂಪಾಯಿಯಷ್ಟು ಖರ್ಚು ಬೀಳುವುದು. ಲೀಟರಿಗೆ ನೂರು ರೂಪಾಯಿಯ ಪೆಟ್ರೋಲಿನಲ್ಲಿ 20 ಕಿಲೋಮೀಟರು ಓಡುವ ಹೈಬ್ರಿಡ್ ಕಾರಿಗೆ ಐದು ರೂಪಾಯಿ. ಪಟ್ಟಣದ ಸಂದಣಿಯಲ್ಲಿ 13, 14 ಕಿಲೋಮೀಟರು ಓಡುವ ಸಾಧಾರಣ ಕಾರಿಗೆ ಏಳು ರೂಪಾಯಿಗೂ ಮೇಲೆ. ವಿದ್ಯುತ್ ಕಾರನ್ನು ಕೊಳ್ಳುವಾಗ ಹೆಚ್ಚಾಗಿ ತೆತ್ತ ಹಣವು ಹೀಗೆ ನಿಧಾನವಾಗಿ ಹಿಂದಿರುಗಿ ಬರುತ್ತದೆ; ಕಡಮೆ ಓಡಿಸುವವನಿಗೆ ಮಾತ್ರ ಬಾರದೆಯೂ ಹೋಗಬಹುದು.

ಇನ್ನು ಹೈಬ್ರಿಡ್ ಕಾರಿನ ಮಾತು. ಇದನ್ನು ಕುರಿತು ಜನರಲ್ಲಿ ಒಂದು ಭ್ರಾಂತಿಯುಂಟು. ಇದನ್ನೂ ಮನೆಯಲ್ಲಿ ಚಾರ್ಜು ಮಾಡಬೇಕೆಂದು ತಿಳಿಯುವವರಿದ್ದಾರೆ. ಜಪಾನಿನಲ್ಲಿ 1997ರಲ್ಲಿ ಪ್ರಿಯಸ್ ಎಂಬ ಹೆಸರಿನಿಂದ ಹೊರಟು ಲೋಕಪ್ರಸಿದ್ಧವಾದ, ಬೆಂಗಳೂರಿನ ಸಮೀಪದ ಬಿಡದಿಯಲ್ಲಿಯೂ ತಯಾರಾಗುತ್ತಿರುವ ಈ ಬಗೆಯ ಕಾರಿಗೆ ಹೊರಗಿನ ವಿದ್ಯುತ್ತು ಬೇಡ. ಅದರ ಶಕ್ತಿಯೆಲ್ಲವೂ ಪೆಟ್ರೋಲಿನದೇ. ಬ್ರೇಕು ಒತ್ತಿದಾಗ ವ್ಯರ್ಥವಾಗಿ ಶಾಖವಾಗಿ ಹೋಗುತ್ತಿದ್ದ ಶಕ್ತಿಯನ್ನು ಮೋಟಾರು ಹಿಡಿದು ಚಿಕ್ಕ ಬ್ಯಾಟರಿಯಲ್ಲಿ ಕೂಡಿಡುತ್ತದೆ; ಮೆಲ್ಲನೆ ಹೋಗುವಾಗ ಆ ಉಳಿತಾಯದಿಂದ ಗಾಡಿಯನ್ನು ನಡೆಸುತ್ತದೆ. ಸಾಂಖ್ಯಶಾಸ್ತ್ರದಲ್ಲಿ ಪಂಗ್ವಂಧ ನ್ಯಾಯವೆಂಬುದೊಂದುಂಟು. ಕುಂಟನು ಕುರುಡನ ಹೆಗಲೇರಿ ದಾರಿ ತೋರಿಸಿದರೆ, ಕುರುಡನು ಅವನನ್ನು ಹೊತ್ತು ನಡೆದರೆ, ಇಬ್ಬರೂ ಊರು ಸೇರುವರು. ಎಂಜಿನ್ನಿಗೆ ಸಂದಣಿಯಲ್ಲಿ ಮೆಲ್ಲನೆ ನಡೆಯುವುದು ತಿಳಿಯದು. ಚಿಕ್ಕ ಬ್ಯಾಟರಿಗೆ ದೂರ ನಡೆಯುವ ಕಾಲಿಲ್ಲ. ಎರಡೂ ಕೂಡಿದುದರಿಂದ ಕೆಲಸವು ಸಾಗುತ್ತದೆ. ಇದನ್ನು ಮೆಚ್ಚದವರು ಅರ್ಧಜರತೀಯವೆಂದು, ಅಂದರೆ ಅರ್ಧ ಮುದಿತನ ಅರ್ಧ ಹರೆಯವೆಂದು, ಹಾಸ್ಯ ಮಾಡುವುದುಂಟು. ಹೊಗೆಯನ್ನು ಬಿಟ್ಟುಬಿಡಬೇಕೆಂಬುದೇ ಗುರಿಯಾಗಿದ್ದರೆ ಆ ಹಾಸ್ಯದಲ್ಲಿ ಹುರುಳಿದೆ. ಊರು ಸೇರುವುದೇ ಗುರಿಯಾಗಿದ್ದರೆ ಇಲ್ಲ.

ಈಗ ದೂರದ ದಾರಿಗೆ ಬರೋಣ. ವಿದ್ಯುತ್ ಕಾರಿಗೆ ಘಾಟಿಯನ್ನು ಹತ್ತುವ ಶಕ್ತಿಯಿಲ್ಲವೆಂದು ಹೆದರುವವರು ಅನೇಕರು. ಬೆಂಗಳೂರಿನಿಂದ ಹಾಸನ, ಸಕಲೇಶಪುರಗಳ ಮಾರ್ಗವಾಗಿ ಮಂಗಳೂರಿಗೆ ಸುಮಾರು 350 ಕಿಲೋಮೀಟರು. ನಡುವೆ ಶಿರಾಡಿಯ ಘಾಟಿ. ಮಂಗಳೂರಿನಿಂದ ಹಿಂದಿರುಗುವವನು ಸಮುದ್ರದ ಮಟ್ಟದಿಂದ ಸುಮಾರು 900 ಮೀಟರು ಮೇಲಕ್ಕೆ ಏರಬೇಕು. ನಾಲ್ವರು ಪ್ರಯಾಣಿಕರೂ ಗಂಟುಮೂಟೆಗಳೂ ಸೇರಿ ಕಾರಿನ ಭಾರವು 1750 ಕಿಲೋಗ್ರಾಮು ಎಂದು ಹಿಡಿದರೆ, ಪ್ರೌಢಶಾಲೆಯ ಭೌತಶಾಸ್ತ್ರದ ಲೆಕ್ಕದಿಂದಲೇ ಆ ಏರಿಕೆಗೆ ಬೇಕಾದ ಶಕ್ತಿಯು ನಾಲ್ಕೂಕಾಲು ಯೂನಿಟ್ಟೆಂದು ಕಂಡುಬರುವುದು. ಯಂತ್ರದ ನಷ್ಟವನ್ನು ಸೇರಿಸಿದರೆ ಐದು. ನಲವತ್ತು ಯೂನಿಟ್ಟಿನಲ್ಲಿ ಇದು ಎಂಟನೆಯ ಒಂದು ಪಾಲು ಮಾತ್ರ. ಇಳಿಯುವಾಗ ಮೋಟಾರೇ ವಿದ್ಯುತ್ತನ್ನು ಹುಟ್ಟಿಸುವ ಯಂತ್ರವಾಗಿ ಮಾರ್ಪಟ್ಟು ಇದರಲ್ಲಿ ಅರ್ಧಕ್ಕೂ ಹೆಚ್ಚನ್ನು ಹಿಂದಕ್ಕೆ ಕೊಡಬಲ್ಲುದು. ಆದರೆ ತುಂಬಿದ ಕೊಡಕ್ಕೆ ನೀರು ಹಿಡಿಯದು. ಆದುದರಿಂದ ಸಕಲೇಶಪುರದಲ್ಲಿಯೇ ಬ್ಯಾಟರಿಯನ್ನು ಅಂಚಿನವರೆಗೆ ತುಂಬಿಸಿಕೊಂಡು ಘಾಟಿಯನ್ನು ಇಳಿಯುವುದು ಜಾಣತನವಲ್ಲ. ಹೈಬ್ರಿಡ್ಡಿನ ಬ್ಯಾಟರಿಯು ತೀರ ಚಿಕ್ಕದಾದುದರಿಂದ ಇಳಿಜಾರಿನ ಮೊದಲ ಭಾಗದಲ್ಲಿಯೇ ತುಂಬಿಹೋಗುತ್ತದೆ. ಮಿಕ್ಕ ಇಳಿಜಾರಿನ ಫಲವು ಅದಕ್ಕೆ ದಕ್ಕುವುದಿಲ್ಲ.

ವಿದ್ಯುತ್ ಕಾರಿನ ನಿಜವಾದ ಶತ್ರುವು ಬೆಟ್ಟವಲ್ಲ, ಆತುರ. ಗಾಳಿಯ ತಡೆಯು ವೇಗದ ವರ್ಗದಂತೆ ಬೆಳೆಯುತ್ತದೆ. 80ರ ವೇಗದಲ್ಲಿ ಹೋಗುವವನು 100ಕ್ಕೆ ಏರಿಸಿದರೆ ಗಾಳಿಯ ಎದುರೊತ್ತು ಒಂದೂವರೆ ಪಾಲಿಗೂ ಮಿಗಿಲಾಗುತ್ತದೆ. ಪಟ್ಟಣದಲ್ಲಿ ಕಡಮೆ ವಿದ್ಯುತ್ತಿನಲ್ಲಿ ಓಡುವ ಅದೇ ಕಾರು 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಂಥ ನೇರವಾದ ದಾರಿಯಲ್ಲಿ ಹೆಚ್ಚು ವಿದ್ಯುತ್ತನ್ನು ನುಂಗುವುದು ಇದರಿಂದಲೇ. ಪೆಟ್ರೋಲ್ ಕಾರಿನ ಸ್ವಭಾವವು ಇದಕ್ಕೆ ತೀರ ವಿರುದ್ಧವಾದುದರಿಂದ ಹಳಬರಿಗೆ ಇದು ಆಶ್ಚರ್ಯವಾಗಿ ತೋರುತ್ತದೆ. ದಾರಿಯಲ್ಲಿ ವೇಗದ ಚಾರ್ಜರು ಸಿಕ್ಕಿದರೂ ಹತ್ತು ಪಾಲಿನಲ್ಲಿ ಒಂದರಿಂದ ಎಂಟರವರೆಗೆ ತುಂಬಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುವುದುಂಟು. ಉಳಿದ ಎರಡು ಪಾಲು ಇನ್ನೂ ನಿಧಾನ. ಅಲ್ಲಿಯ ದರವು ಮನೆಯ ದರದ ಎರಡು ಮೂರರಷ್ಟಿರುವುದೂ ಅಸಾಧಾರಣವಲ್ಲ. ಆ ಹೊತ್ತನ್ನು ಊಟ ತಿಂಡಿಗಳೊಡನೆ ಕೂಡಿಸಿಕೊಳ್ಳಬಲ್ಲವನಿಗೆ ಅದು ವಿಶ್ರಾಂತಿ, ಕೂಡಿಸಿಕೊಳ್ಳಲಾರದವನಿಗೆ ಶಿಕ್ಷೆ.

ಚಳಿಯೂ ಪರ್ವತಗಳೂ ತುಂಬಿರುವ ನಾರ್ವೆ ದೇಶದಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ವಿದ್ಯುತ್ತಿನವು. ಚಳಿಗೆ ಬ್ಯಾಟರಿಯ ಬಲವು ಕುಗ್ಗುವುದು ಅಲ್ಲಿಯ ಜನರಿಗೆ ತಿಳಿಯದುದಲ್ಲ. ಆದರೆ ಅಲ್ಲಿಯ ಸರ್ಕಾರವು ತೆರಿಗೆಯನ್ನು ಬಿಟ್ಟುಕೊಟ್ಟಿತು. ದಾರಿಯುದ್ದಕ್ಕೂ ಚಾರ್ಜರುಗಳು ಏರ್ಪಟ್ಟವು. ಬಹುಪಾಲು ವಿದ್ಯುತ್ತು ಜಲಪಾತಗಳಿಂದ ಬರುತ್ತದೆ. ಭಾರತದಲ್ಲಿ ವಿದ್ಯುತ್ತಿನ ಹೆಚ್ಚಿನ ಭಾಗವು ಇಂದಿಗೂ ಕಲ್ಲಿದ್ದಲಿನದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವಾಟಿನ ಸೌರ ಉದ್ಯಾನವಿದ್ದರೂ ಸೂರ್ಯನು ಹಗಲಿನಲ್ಲಿ ಕೊಡುವುದನ್ನು ಕಾರು ರಾತ್ರಿಯಲ್ಲಿ ಕೇಳುತ್ತದೆ. ದಾರಿಯು ತಾನಾಗಿ ಸುಗಮವಾಗುವುದಿಲ್ಲ, ಅದನ್ನು ಸುಗಮವಾಗಿ ಮಾಡಬೇಕಾಗುತ್ತದೆ ಎಂಬುದೇ ನಾರ್ವೆಯಿಂದ ಕಲಿಯಬೇಕಾದ ಪಾಠ.

ಇಷ್ಟೆಲ್ಲ ಲೆಕ್ಕವನ್ನು ಹಾಕಿ ತೋರಿಸಿದರೂ ಹಿರಿಯರ ಆ ಪ್ರಶ್ನೆಗೆ ಉತ್ತರವು ಪೂರ್ಣವಾಗುವುದಿಲ್ಲ. ಏಕೆಂದರೆ ಆ ಭಯವು ಹುಟ್ಟಿದುದು ಲೆಕ್ಕದಿಂದಲ್ಲ. ಮಕ್ಕಳು ಬೆಂಗಳೂರಿನಲ್ಲಿಯೂ ತಂದೆತಾಯಿಗಳು ಮಲೆನಾಡಿನ ಯಾವುದೋ ಹಳ್ಳಿಯಲ್ಲಿಯೂ ಇರುವ ಸಂಸಾರಗಳು ಈಗ ಎಷ್ಟೋ ಇವೆ. ಅಂಥವರ ಮನಸ್ಸಿನ ಮೂಲೆಯಲ್ಲಿ ಅಪರಾತ್ರಿಯ ಟೆಲಿಫೋನಿನ ಶಬ್ದವೊಂದು ಯಾವಾಗಲೂ ಕಾದು ಕುಳಿತಿರುತ್ತದೆ. ತಾಯಿಗೆ ಎದೆನೋವು, ತಂದೆಯು ಬಚ್ಚಲಿನಲ್ಲಿ ಜಾರಿಬಿದ್ದರು. ಈ ಕ್ಷಣವೇ ಹೊರಡಬೇಕು. ಆ ಒಂದು ರಾತ್ರಿಗಾಗಿ ಮನುಷ್ಯನು ಹತ್ತು ವರ್ಷದ ಪೆಟ್ರೋಲನ್ನು ಕೊಳ್ಳಲು ಸಿದ್ಧನಾಗುತ್ತಾನೆ. ಇದನ್ನು ಅವಿವೇಕವೆನ್ನುವುದು ನ್ಯಾಯವಲ್ಲ. ರಾತ್ರಿ ರಾತ್ರಿ ಚಾರ್ಜಾಗುವ ಕಾರು ಅಂಥ ವೇಳೆಯಲ್ಲಿ ಬಹುಶಃ ತುಂಬಿಯೇ ನಿಂತಿರುವುದು. ಪೆಟ್ರೋಲ್ ಕಾರಿನ ಟ್ಯಾಂಕು ಅರ್ಧ ಬರಿದಾಗಿರುವುದೂ ಉಂಟು. ಹೋಗಿ ಸೇರುವುದಕ್ಕೆ ವಿದ್ಯುತ್ತು ಸಾಕು. ಆದರೆ ಆಷಾಢದ ಮಳೆಗೆ ಮರಗಳು ತಂತಿಯ ಮೇಲೆ ಬಿದ್ದು ಆ ಹಳ್ಳಿಯಲ್ಲಿ ಎರಡು ಮೂರು ದಿವಸ ಕರೆಂಟು ಇಲ್ಲದಿದ್ದರೆ, ರೋಗಿಯನ್ನು ಜಿಲ್ಲೆಯ ಆಸ್ಪತ್ರೆಗೆ ಒಯ್ಯುವುದಕ್ಕೂ ಅಲ್ಲಿಂದ ಮತ್ತೆ ಮತ್ತೆ ಓಡಾಡುವುದಕ್ಕೂ ವಿದ್ಯುತ್ತನ್ನು ಎಲ್ಲಿಂದ ತರುವುದು? ಅಂಥ ಹಳ್ಳಿಯ ನಂಟುಳ್ಳವನಿಗೆ ಇಂದಿನ ಸ್ಥಿತಿಯಲ್ಲಿ ಹೈಬ್ರಿಡ್ಡೇ ಒಪ್ಪುವುದೆಂದು ಮುಚ್ಚುಮರೆಯಿಲ್ಲದೆ ಹೇಳಬೇಕು.

ಸ್ವಂತ ಮನೆಯೂ, ಕಾರು ನಿಲ್ಲಿಸುವ ಜಾಗವೂ, ಅಲ್ಲೊಂದು ಸಾಕೆಟ್ಟೂ ಉಳ್ಳವನಿಗೆ, ದೂರದ ಪ್ರಯಾಣವು ವರ್ಷಕ್ಕೆ ನಾಲ್ಕಾರು ಸಲ ಹೆದ್ದಾರಿಯಲ್ಲಿಯೇ ಆಗುವುದಾದರೆ, ವಿದ್ಯುತ್ ಕಾರು ನಿರ್ಭಯವಾಗಿ ಆಗುತ್ತದೆ. ಬಾಡಿಗೆಯ ಮನೆಯಲ್ಲಿದ್ದು ಬೀದಿಯ ಬದಿಯಲ್ಲಿ ಕಾರು ನಿಲ್ಲಿಸುವವನಿಗೂ, ಸಾಕೆಟ್ಟಿಗೆ ಸಂಘದ ಒಪ್ಪಿಗೆ ದೊರೆಯದ ಬಹುಮಹಡಿಯ ನಿವಾಸಿಗೂ ಮನೆಯ ಅಗ್ಗದ ವಿದ್ಯುತ್ತು ಕೈಗೆ ಎಟುಕದು. ಅನುಕೂಲವುಳ್ಳವನಿಗೆ ಕಿಲೋಮೀಟರಿಗೆ ಒಂದು ರೂಪಾಯಿ, ಇಲ್ಲದವನಿಗೆ ಮೂರು ಎಂಬ ಈ ತಾರತಮ್ಯವನ್ನು ಕಾರು ತಯಾರಿಸುವವರು ನೀಗಲಾರರು. ಅದು ಪಟ್ಟಣಗಳನ್ನು ಆಳುವವರ ಕೆಲಸ.

ಆದುದರಿಂದ ಅಂಗಡಿಗೆ ಹೋಗುವ ಮುಂಚೆ ಗೃಹಸ್ಥನು ಒಂದು ಚಿಕ್ಕ ಕೆಲಸವನ್ನು ಮಾಡುವುದು ಉತ್ತಮ. ಒಂದು ನೋಟುಪುಸ್ತಕವನ್ನು ತೆಗೆದುಕೊಂಡು, ಕಳೆದ ವರ್ಷದಲ್ಲಿ ತಾನು ಎಲ್ಲೆಲ್ಲಿಗೆ, ಎಷ್ಟೆಷ್ಟು ಸಲ, ಎಷ್ಟೆಷ್ಟು ದೂರ ಹೋಗಿದ್ದನೆಂಬುದನ್ನು ನೆನಪಿಗೆ ಬಂದಷ್ಟು ಬರೆದಿಡಲಿ. ಯಾವ ಕಾರು ತನಗೆ ತಕ್ಕುದೆಂಬುದನ್ನು ಆ ಪುಸ್ತಕವೇ ಬಹುಮಟ್ಟಿಗೆ ಹೇಳಿಬಿಡುವುದು. ಸಣ್ಣ ಸಣ್ಣ ದಾರಿಗಳೇ ಪುಟಗಳನ್ನು ತುಂಬಿರುವುದು ಕಂಡುಬಂದೀತು. ಊರಿಗೆ ಹೋಗಿಬರುವುದಕ್ಕೆಂದೇ ಕಾರು ಬೇಕೆಂದವನು ವರ್ಷದಲ್ಲಿ ಊರಿಗೆ ಹೋದುದು ಎರಡೇ ಸಲವೆಂಬುದೂ ಕಂಡುಬಂದೀತು. ಹಾಗೆ ಕಂಡುಬಂದರೆ, ಯಾವ ಕಾರನ್ನಾದರೂ ಕೊಳ್ಳಲಿ, ಮೊದಲು ಅದರಲ್ಲಿ ಕುಳಿತು ಊರಿಗೆ ಹೋಗಿ ಬರಲಿ.