ಮಾಲ್ಟಾ ಜ್ವರ ಮತ್ತು ಮೆಣಸಿನ ಚೀಸು

ನಮ್ಮ ಮನೆಗೆ ಮಾಲ್ಟಾ ಮೊದಲು ಬಂದದ್ದು ಜ್ವರವಾಗಿ. ದೇಶವಾಗಿ ಬಂದದ್ದು ಬಹಳ ಆಮೇಲೆ, ಮಗನಿಗೆ ಅಲ್ಲಿ ಕೆಲಸ ಸಿಕ್ಕಿದಾಗ.

ಅಪ್ಪ ಮಲೆನಾಡಿನ ಒಂದು ಹೋಬಳಿಯ ದನದಾಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಡಾಕ್ಟರ ಕುರ್ಚಿ ಖಾಲಿ ಇರುತ್ತಿದ್ದದ್ದೇ ಹೆಚ್ಚು. ಹಾಗಾಗಿ ಸುತ್ತಲಿನ ಹಳ್ಳಿಗಳಿಗೆಲ್ಲ ಅಪ್ಪನೇ ದನದ ಡಾಕ್ಟ್ರು. ನಡುರಾತ್ರಿ ಯಾರೋ ಅಂಗಳದಲ್ಲಿ ನಿಂತು, “ಹಸ ಕಂದು ಹಾಕ್ತು ಅಯ್ಯಾ, ಕಸ ಬಿದ್ದಿಲ್ಲ” ಎಂದರೆ ಅಪ್ಪ ಟಾರ್ಚು ಹಿಡಿದು ಹೊರಡುತ್ತಿದ್ದರು. ಕೈಗವಸು ಎಂಬ ವಸ್ತು ಇಂಡೆಂಟಿನ ಕಾಗದದಲ್ಲಿ ಮಾತ್ರ ಇತ್ತು. ಬರಿಗೈಯಲ್ಲೇ ಕಸ ತೆಗೆದು, ಬಿದ್ದ ಕಂದನ್ನು ಆಳವಾಗಿ ಹೂಳಿಸಿ ಮೇಲೆ ಸುಣ್ಣ ಸುರಿಸಿ, ಬಾವಿಕಟ್ಟೆಯಲ್ಲಿ ಡೆಟ್ಟಾಲ್ ಹಾಕಿ ಕೈ ತೊಳೆದು ಒಳಗೆ ಬರುತ್ತಿದ್ದರು.

ಒಂದು ಮಳೆಗಾಲ ಅಪ್ಪನಿಗೆ ಜ್ವರ ಹಿಡಿಯಿತು. ಸಂಜೆಗೆ ಏರುವುದು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರಿಸಿ ಬೆಳಗಿಗೆ ಇಳಿಯುವುದು, ನಾಲ್ಕು ದಿನ ಸುಮ್ಮನಿದ್ದು ಮತ್ತೆ ಬರುವುದು. ಸೊಂಟ ನೋವು, ಮಂಡಿ ನೋವು ಬೇರೆ. ಒಬ್ಬರು ಟೈಫಾಯ್ಡ್ ಎಂದರು, ಇನ್ನೊಬ್ಬರು ಮಲೇರಿಯಾ ಎಂದರು, ಅಜ್ಜಿ ದೃಷ್ಟಿ ಎಂದಳು. ಕಡೆಗೆ ಪೇಟೆಯ ವಯಸ್ಸಾದ ಡಾಕ್ಟರೊಬ್ಬರು ನಾಡಿ ಹಿಡಿಯುವ ಮೊದಲೇ “ಏನು ಕೆಲಸ ಮಾಡ್ತೀರಿ?” ಎಂದು ಕೇಳಿದರಂತೆ. ಉತ್ತರ ಕೇಳಿದ್ದೇ ರಕ್ತ ತೆಗೆಸಿದರು. ಚೀಟಿಯಲ್ಲಿ ಬರೆದದ್ದು ಮಾಲ್ಟಾ ಜ್ವರ. ಕಂದು ಹಾಕಿದ ದನವನ್ನು ಮುಟ್ಟಿದರೂ ಬರುತ್ತದೆ, ಹಸಿಹಾಲು ಕುಡಿದರೂ ಬರುತ್ತದೆ. ಅಂದಿನಿಂದ ಅಮ್ಮ ಹಾಲನ್ನು ಮೂರು ಸಲ ಉಕ್ಕಿಸದೆ ಒಲೆಯಿಂದ ಇಳಿಸಿದವಳಲ್ಲ. ನಾನೂ ಅಷ್ಟೆ. ಪ್ಯಾಕೆಟ್ ಹಾಲಿಗೆ ಅದು ಬೇಕಿಲ್ಲ ಎಂದು ಮಗ ಎಷ್ಟು ಹೇಳಿದರೂ ನನ್ನ ಕೈ ಕೇಳುವುದಿಲ್ಲ.

ಆ ಮಗನೇ ಈಗ ಮಾಲ್ಟಾದಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಾನೆ. ನಾವು ಹೋಗಿದ್ದಾಗ ಒಂದು ಬೆಳಿಗ್ಗೆ, “ಅಮ್ಮಾ, ನೀವಿಬ್ಬರೂ ಗೊಜೊ ನೋಡ್ಕೊಂಡು ಬನ್ನಿ. ಅರ್ಧ ದಿನದ ಟೂರು. ಕೊನೇಲಿ ಅಲ್ಲೇ ಮಾಡಿದ ಚೀಸು ತಿನ್ನಿಸ್ತಾರೆ” ಎಂದ. “ಚೀಸು ತಿನ್ನೋಕೆ ಹಡಗು ಹತ್ತಬೇಕೇನೋ?” ಎಂದರು ನಮ್ಮ ಯಜಮಾನರು. ಆದರೂ ಎಲ್ಲರಿಗಿಂತ ಮೊದಲು ಷೂ ಕಟ್ಟಿಕೊಂಡು ನಿಂತವರು ಅವರೇ.

ಮಾಲ್ಟಾ ಒಂದು ದ್ವೀಪವಲ್ಲ, ದ್ವೀಪಗಳ ಗುಂಪು. ಗೊಜೊ ಅದರಲ್ಲಿ ಎರಡನೆಯದು. ಉದ್ದ 14 ಕಿಲೋಮೀಟರ್, ಅಗಲ 7. ಅಲ್ಲಿಯವರು ಅದನ್ನು ಆವ್ದೆಶ್ ಎನ್ನುತ್ತಾರೆ. ಚಿರ್ಕೆವ್ವಾ ಎಂಬ ಹಡಗುಕಟ್ಟೆಯಿಂದ ವಾಹನ ಸಾಗಿಸುವ ಹಡಗು ಹೊರಟರೆ 25 ನಿಮಿಷದಲ್ಲಿ ಆಚೆ ದಡ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ವಾಪಸು ಬರುವಾಗ ಎರಡಕ್ಕೂ ಸೇರಿಸಿ ವಸೂಲು ಮಾಡುತ್ತಾರೆ. ಹೋದವರು ಬಂದೇ ಬರುತ್ತಾರೆಂಬ ಧೈರ್ಯ. ಆಚೆ ದಡದಲ್ಲಿ ನಮಗಾಗಿ ಕಾದಿದ್ದ ವಾಹನ ನೋಡಿ ಯಜಮಾನರು ಗಟ್ಟಿಯಾಗಿ ನಕ್ಕರು. ಆಟೊರಿಕ್ಷಾ! ಅಲ್ಲಿ ಟುಕ್ ಟುಕ್ ಎಂಬ ಹೆಸರಿನಲ್ಲಿ ಪ್ರವಾಸಿಗಳನ್ನು ಸುತ್ತಿಸುತ್ತವೆ. ಓಡಿಸುತ್ತಿದ್ದವಳು ಐವತ್ತು ದಾಟಿದ ಹೆಂಗಸು, ಗೈಡೂ ಅವಳೇ. ಮೀಟರ್ ಎಲ್ಲಿ ಎಂದು ಇವರು ಕೇಳಿದ್ದು ಅವಳಿಗೆ ಅರ್ಥವಾಗಲಿಲ್ಲ, ನಾನೂ ಬಿಡಿಸಿ ಹೇಳಲು ಹೋಗಲಿಲ್ಲ.

ಅರ್ಧ ದಿನದ ಟೂರೆಂದರೆ ಗೊತ್ತಲ್ಲ. ರಮ್ಲಾ ಕಡಲತೀರದ ಮೇಲೆ ಒಂದು ಗುಹೆ ತೋರಿಸಿ, ಹೋಮರನ ಕಾವ್ಯದ ಒಡಿಸ್ಸಿಯಸ್‌ನನ್ನು ಕ್ಯಾಲಿಪ್ಸೊ ಎಂಬ ಅಪ್ಸರೆ ಏಳು ವರ್ಷ ಇಟ್ಟುಕೊಂಡಿದ್ದು ಇಲ್ಲೇ ಎಂದಳು. ನಮಗೆ ಕೊಟ್ಟದ್ದು ಏಳು ನಿಮಿಷವೂ ಇಲ್ಲ. ದ್ವೀಪದ ನಡುವಿನ ಕೋಟೆಯ ಮೇಲೆ ಮಾತ್ರ ಸ್ವಲ್ಪ ಹೊತ್ತು ನಿಲ್ಲಿಸಿದಳು. 1551ರಲ್ಲಿ ತುರ್ಕಿಯವರ ನೌಕಾಪಡೆ ಬಂದು ಈ ಕೋಟೆ ಒಡೆದು, ಸುಮಾರು 5,000 ಜನರನ್ನು ಗುಲಾಮರಾಗಿ ಹಿಡಿದುಕೊಂಡು ಹೋಯಿತಂತೆ. ದ್ವೀಪಕ್ಕೆ ದ್ವೀಪವೇ ಬರಿದು. ಆಮೇಲೆ ಬಂದು ನೆಲೆಸಿದವರು ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಕೋಟೆಯೊಳಗೇ ಮಲಗಬೇಕೆಂಬ ಕಟ್ಟಳೆ 1637ರವರೆಗೂ ಇತ್ತು. ಹಾಗಾದರೆ ಆಡು ಕುರಿಗಳನ್ನು ಎಲ್ಲಿ ಕಟ್ಟುತ್ತಿದ್ದರು ಎಂಬ ಪ್ರಶ್ನೆ ನನಗೆ ಬಂತು. ಕೊಟ್ಟಿಗೆಯ ಮನೆಯಲ್ಲಿ ಹುಟ್ಟಿದವಳಿಗೆ ಬೇರೇನು ಬಂದೀತು!

ಶಾರಾ ಊರಿನ ಜ್‌ಗಂತಿಯಾ ದೇಗುಲಗಳು ನಿಜಕ್ಕೂ ದೊಡ್ಡವು. ಕ್ರಿಸ್ತಪೂರ್ವ 3600ರ ಹೊತ್ತಿಗೆ ಕಟ್ಟಲು ತೊಡಗಿದ್ದು, ಈಜಿಪ್ಟಿನ ಪಿರಮಿಡ್ಡುಗಳಿಗಿಂತ ಹಳೆಯವು. ಒಂದೊಂದು ಕಲ್ಲೂ ಆನೆಯನ್ನು ಮರೆಮಾಡುವಷ್ಟಿದೆ. ಇವನ್ನು ಹೊತ್ತು ತಂದವಳು ಸಾನ್ಸೂನಾ ಎಂಬ ರಕ್ಕಸಿಯೆಂದು ಊರವರ ಕಥೆ. ಹೆಗಲಿಗೆ ಕೂಸು ಕಟ್ಟಿಕೊಂಡು ಕಲ್ಲು ಹೊತ್ತಳಂತೆ, ತಿನ್ನುತ್ತಿದ್ದದ್ದು ಅವರೆಯ ಜಾತಿಯ ಒಂದು ಕಾಳು ಮಾತ್ರ. ಕಾಳು ತಿಂದು ಕೂಸು ಹೊತ್ತು ಕೆಲಸ ಮಾಡುವ ಹೆಂಗಸರನ್ನು ನಾನು ಸಾಕಷ್ಟು ನೋಡಿದ್ದೇನೆ. ಅವರನ್ನು ಯಾರೂ ರಕ್ಕಸಿ ಎನ್ನಲಿಲ್ಲ, ಅವರ ಹೆಸರಲ್ಲಿ ಗುಡಿಯೂ ಇಲ್ಲ.

ಅಲ್ಲಿಂದ ಚೀಸಿನ ಮನೆಗೆ. ಸುಣ್ಣಕಲ್ಲಿನ ಗೋಡೆ, ಪಾಪಾಸುಕಳ್ಳಿಯ ಬೇಲಿ, ಹಿಂದೆ ಕುರಿದೊಡ್ಡಿ. ಮನೆಯ ಹೆಂಗಸು ಬಿಳಿ ಟೋಪಿ ಹಾಕಿಕೊಂಡು ನಮ್ಮೆದುರೇ ಮಾಡಿ ತೋರಿಸಿದಳು. ಇಲ್ಲಿಯ ಚೀಸಿಗೆ ಜ್‌ಬೇನಾ ಎಂದು ಹೆಸರು. ಕುರಿಹಾಲಿಗೆ ಹೆಪ್ಪು ಹಾಕಿ, ಗಟ್ಟಿಯಾದದ್ದನ್ನು ಸಣ್ಣ ಸಣ್ಣ ಬುಟ್ಟಿಗಳಿಗೆ ತುಂಬುತ್ತಾರೆ. ಹಿಂದೆ ಜೊಂಡಿನಲ್ಲಿ ಹೆಣೆದ ಬುಟ್ಟಿ, ಈಗ ಪ್ಲಾಸ್ಟಿಕ್ಕಿನದು. ನೀರು ಬಸಿದ ಮೇಲೆ ಮಗುಚಿ ಉಪ್ಪು ಹಾಕಿದರೆ ಇಡ್ಲಿಯಂಥ ಬಿಳಿಯ ಬಿಲ್ಲೆ, ಪಕ್ಕದಲ್ಲೆಲ್ಲ ಬುಟ್ಟಿಯ ಹೆಣಿಗೆಯ ಗುರುತು. ಅದನ್ನು ಅಂದೇ ತಿನ್ನಬಹುದು, ಜಾಲರಿಯ ಪೆಟ್ಟಿಗೆಯಲ್ಲಿ ಗಾಳಿಗಿಟ್ಟು ಒಣಗಿಸಬಹುದು, ಒಣಗಿದ್ದನ್ನು ವಿನೆಗರಿನಲ್ಲಿ ಅದ್ದಿ ಕುಟ್ಟಿದ ಕಾಳುಮೆಣಸಿನಲ್ಲಿ ಹೊರಳಿಸಿ ಡಬ್ಬಿಗೆ ತುಂಬಬಹುದು. ಉಪ್ಪಿಗೂ ದೂರ ಹೋಗಬೇಕಿಲ್ಲ. ಉತ್ತರದ ಶ್ವೇಯ್ನಿ ತೀರದಲ್ಲಿ ಕಡಲಂಚಿನ ಬಂಡೆಯನ್ನೇ ಕೊರೆದು ಮಾಡಿದ ಉಪ್ಪಿನ ಪಾತಿಗಳಿವೆ. ಅವನ್ನು ಇಂದಿಗೂ ಅದೇ ಮನೆತನಗಳವರು ಬೇಸಿಗೆಯಲ್ಲಿ ಕೆರೆದು ಉಪ್ಪು ತೆಗೆಯುತ್ತಾರೆ.

ಯಜಮಾನರು ಹೆಪ್ಪಿನ ವಿಷಯ ಎತ್ತಿದರು. ನಮ್ಮಂತೆ ನಿನ್ನೆಯ ಮೊಸರೇ? ಅಲ್ಲ, ಕುರಿಮರಿಯ ಹೊಟ್ಟೆಯಿಂದ ತೆಗೆದದ್ದು ಎಂದಳು ಅವಳು, ಏನೂ ಮುಚ್ಚಿಡದೆ. ಇವರು ಬಾಯಿವರೆಗೆ ಒಯ್ದಿದ್ದನ್ನು ತಟ್ಟೆಗೆ ಮರಳಿಸಿ, ಗಲೆತ್ತಿ ಎಂಬ ಗರಿಗರಿ ಬಿಸ್ಕತ್ತಿಗೆ ಟೊಮೆಟೊ ಗೊಜ್ಜು ಬಳಿದುಕೊಂಡು, ಉಪ್ಪಲ್ಲಿಟ್ಟ ಕೇಪರ್ ಮೊಗ್ಗುಗಳ ಬಟ್ಟಲನ್ನು ತಮ್ಮ ಕಡೆಗೆ ಎಳೆದುಕೊಂಡರು. ನಾನು ಕೇಳಿಸಿಕೊಂಡೂ ತಿಂದೆ. ದನದಾಸ್ಪತ್ರೆಯ ಮನೆಯಲ್ಲಿ ಬೆಳೆದವರಿಗೆ ಪ್ರಾಣಿಯ ಹೊಟ್ಟೆ ಅಂಥ ದೊಡ್ಡ ಸಂಗತಿಯಲ್ಲ. ನನ್ನ ಚಿಂತೆ ಬೇರೆಯಿತ್ತು.

“ಹಾಲು ಕಾಯಿಸಿದ್ದೋ, ಹಸಿಯದೋ?”

ಆ ಹೆಂಗಸು ಟೋಪಿ ಸರಿಪಡಿಸಿಕೊಂಡು ನನ್ನನ್ನೇ ನೋಡಿದಳು. ಸ್ಟೀಲ್ ಹಂಡೆಯ ಬಳಿಗೆ ಕರೆದೊಯ್ದು ಥರ್ಮಾಮೀಟರ್ ತೋರಿಸಿದಳು. 63 ಡಿಗ್ರಿ, ಅರ್ಧ ಗಂಟೆ. ಆಮೇಲೆ ತಣಿಸಿ ಹೆಪ್ಪು. “ಪ್ರವಾಸಿಗಳು ಹಸಿಹಾಲಿನದು ಇದೆಯಾ ಅಂತ ಆಸೆಯಿಂದ ಕೇಳ್ತಾರೆ. ಕಾಯಿಸಿದ್ದಾ ಅಂತ ಕೇಳೋರು ಕಡಿಮೆ” ಎಂದು ಗೈಡಿನ ಬಾಯಲ್ಲಿ ಹೇಳಿಸಿದಳು. ನಾನು ಅಪ್ಪನ ಜ್ವರದ ಹೆಸರು ಹೇಳಿದೆ. ಇಬ್ಬರಿಗೂ ಅದು ಗೊತ್ತು. ಅವರ ಅಜ್ಜಿಯರ ಕಾಲಕ್ಕೆ ಆಡಿನವನು ಮಂದೆಯನ್ನು ಬೀದಿಗೇ ಹೊಡೆದುಕೊಂಡು ಬಂದು ಹೊಸ್ತಿಲಲ್ಲಿ ಕೂತು ಹಾಲು ಕರೆದುಕೊಡುತ್ತಿದ್ದನಂತೆ. ನೀರು ಬೆರೆಸಿಲ್ಲವೆಂದು ಕಣ್ಣಾರೆ ನೋಡಬೇಕಲ್ಲ! ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಬಾಗಿಲಿಗೆ ಹಸು ತಂದು ಕರೆಸಿಕೊಳ್ಳುತ್ತಿದ್ದದ್ದೂ ಇದೇ ಗುಮಾನಿಯಿಂದ. ನೀರು ಬೆರೆತಿದ್ದರೆ ಕಣ್ಣಿಗೆ ಕಾಣುತ್ತದೆ, ಬೆರೆಯಬಾರದ ಇನ್ನೊಂದು ಕಾಣುವುದಿಲ್ಲ.

ಆ ಇನ್ನೊಂದನ್ನು ಕಂಡುಹಿಡಿಯಲು ಹಿಡಿದದ್ದು ಬಹಳ ಕಾಲ. ಮಾಲ್ಟಾ ಬ್ರಿಟಿಷರ ನೌಕಾನೆಲೆಯಾಗಿತ್ತು. ಅಲ್ಲಿಯ ಸಿಪಾಯಿಗಳು ವರ್ಷವರ್ಷವೂ ಈ ಜ್ವರ ಹಿಡಿದು ನೂರುಗಟ್ಟಲೆ ಮಲಗುತ್ತಿದ್ದರು. ಸಾಯುತ್ತಿದ್ದವರು ಕಡಿಮೆ, ಆದರೆ ಏಳಲಾಗದೆ ತಿಂಗಳುಗಟ್ಟಲೆ ಬಿದ್ದಿರುತ್ತಿದ್ದವರು ಹೆಚ್ಚು. ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ 1887ರಲ್ಲಿ, ಸತ್ತ ಸಿಪಾಯಿಗಳ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದ. ಅದು ದೇಹದೊಳಗೆ ಹೋಗುವ ದಾರಿ ಯಾವುದೆಂದು ಮಾತ್ರ ಹೊಳೆಯಲಿಲ್ಲ. ಧೂಳೇ, ಚರಂಡಿಯೇ, ಸೊಳ್ಳೆಯೇ ಎಂದು ಹುಡುಕಾಡಿದರು. 1904ರಲ್ಲಿ ಒಂದು ಆಯೋಗವೇ ಬಂತು, ಅದರಲ್ಲಿ ಮಾಲ್ಟಾದವನೇ ಆದ ಒಬ್ಬ ವೈದ್ಯನಿದ್ದ. ಹೆಸರು ಥೆಮಿಸ್ಟೊಕ್ಲಿಸ್ ಝಮ್ಮಿಟ್. 1905ರಲ್ಲಿ ಈತ ಆಡುಗಳ ರಕ್ತ ಪರೀಕ್ಷಿಸಿದ. ನೋಡಲು ಗುಂಡುಗುಂಡಾಗಿ, ಸೊಪ್ಪು ಮೇಯ್ದುಕೊಂಡು ಆರಾಮಾಗಿದ್ದ ಆಡುಗಳು. ರಕ್ತದಲ್ಲಿ ಜ್ವರದ ಗುರುತು ಸಿಕ್ಕಿತು, ಹಾಲಿನಲ್ಲಿ ರೋಗಾಣುವೇ ಸಿಕ್ಕಿತು. ಅದೇ ವರ್ಷ ಜೋಶುವಾ ನಿಕಲ್ಸನ್ ಎಂಬ ಹಡಗಿನಲ್ಲಿ ಮಾಲ್ಟಾದ ಆಡುಗಳು ಅಮೆರಿಕಕ್ಕೆ ಹೊರಟಿದ್ದವು. ದಾರಿಯಲ್ಲಿ ಅವುಗಳ ಹಾಲು ಕುಡಿದ ನಾವಿಕರಲ್ಲಿ ಹಲವರು ಜ್ವರ ಹಿಡಿದು ಮಲಗಿದರು. ಇನ್ನು ಬೇರೆ ಸಾಕ್ಷಿ ಯಾಕೆ?

ಇದರಲ್ಲಿ ನನ್ನ ಹೊಟ್ಟೆಗೆ ಚುಚ್ಚುವ ಸಂಗತಿ ಒಂದಿದೆ. ಅಷ್ಟು ವರ್ಷ ಸೇನೆಯ ಆಸ್ಪತ್ರೆಗಳಲ್ಲಿ ಜ್ವರದಿಂದ ಸೊರಗಿದವರಿಗೆ ಪುಷ್ಟಿಗೆಂದು ಕೊಡುತ್ತಿದ್ದದ್ದು ಆಡಿನ ಹಾಲನ್ನೇ! ನಮ್ಮ ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಯವರನ್ನೂ 1878ರಲ್ಲಿ, ರಷ್ಯದೊಂದಿಗೆ ಯುದ್ಧವಾದೀತೆಂದು ಹಡಗು ಹತ್ತಿಸಿ ಮಾಲ್ಟಾಕ್ಕೆ ಒಯ್ದಿದ್ದರು. ಅವರು ಆ ಹಾಲನ್ನು ಕಾಯಿಸಿಯೇ ಕುಡಿದಿರಲಿ ಎಂದು ಹಿಂದಿನದಕ್ಕೆ ಈಗ ಹಾರೈಸುವುದಷ್ಟೇ ನನಗೆ ಸಾಧ್ಯ.

1906ರಲ್ಲಿ ಸಿಪಾಯಿಗಳಿಗೆ ಆಡಿನ ಹಾಲು ನಿಂತಿತು, ಪಾಳಯದಲ್ಲಿ ಜ್ವರವೂ ನಿಂತಂತೆಯೇ ಆಯಿತು. ಊರಿನ ಜನ ಮಾತ್ರ ಕುಡಿಯುತ್ತಲೇ ಇದ್ದರು, ಮಲಗುತ್ತಲೇ ಇದ್ದರು. ಅವರ ಪಾಲಿಗೆ ಹಾಲು ಕಾಯಿಸುವ ಸರ್ಕಾರಿ ಘಟಕ ಬಂದದ್ದು 1938ರಲ್ಲಿ. ಸಿಪಾಯಿಗೊಂದು ಕಾಲ, ಪ್ರಜೆಗೊಂದು ಕಾಲ. ಅಲ್ಲಿಗೂ ಮುಗಿಯಲಿಲ್ಲ. 1995ರಲ್ಲಿ ಜ್ವರ ಮತ್ತೆ ಕಾಣಿಸಿಕೊಂಡು ನೂರಕ್ಕೂ ಹೆಚ್ಚು ಜನರಿಗೆ ತಗಲಿತು. ಕಾರಣ, ಕಾಯಿಸದ ಹಾಲಿನಲ್ಲಿ ಮಾಡಿದ ಇದೇ ಜ್‌ಬೇನಾ. ಆ ಹೆಂಗಸು ಥರ್ಮಾಮೀಟರನ್ನು ಅಷ್ಟು ಹೆಮ್ಮೆಯಿಂದ ತೋರಿಸಿದ್ದು ಸುಮ್ಮನೆ ಅಲ್ಲ.

ಝಮ್ಮಿಟ್ ಬಗ್ಗೆ ಇನ್ನೂ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಹೆಸರೆಲ್ಲ ಬ್ರೂಸ್‌ಗೆ ಹೋಯಿತು, ರೋಗಾಣುವಿಗೂ ಬ್ರೂಸೆಲ್ಲಾ ಎಂದೇ ನಾಮಕರಣವಾಯಿತು. ಈತನಿಗೆ ಸರ್ ಪದವಿ ಬಂದದ್ದು 1930ರಲ್ಲಿ, ಸಾಯುವುದಕ್ಕೆ ಐದು ವರ್ಷ ಮೊದಲು. ಆದರೆ ಆತ ಅದಕ್ಕಾಗಿ ಕಾದು ಕೂತವನಲ್ಲ. ಆಡಿನ ಹಾಲಿನ ಕೆಲಸ ಮುಗಿಸಿ ನೆಲ ಅಗೆಯುವುದಕ್ಕೆ ಹೊರಟ. ಮಾಲ್ಟಾದ ಟಾರ್ಶೀನ್‌ನಲ್ಲಿ ರೈತರ ನೇಗಿಲಿಗೆ ದೊಡ್ಡ ಕಲ್ಲುಗಳು ತಗಲುತ್ತಿವೆ ಎಂದು ಸುದ್ದಿ ಬಂದಾಗ, 1915ರಿಂದ 1919ರವರೆಗೆ ಅಲ್ಲಿ ಉತ್ಖನನ ಮಾಡಿಸಿ ಜ್‌ಗಂತಿಯಾದ ವಂಶದ್ದೇ ಆದ ದೇಗುಲಗಳನ್ನು ಹೊರತೆಗೆದ. ಅಲ್ಲಿಯ ಕಲ್ಲೊಂದರ ಮೇಲೆ ಸಾಲಾಗಿ ಕೆತ್ತಿದ ಸಾಕುಪ್ರಾಣಿಗಳಿವೆ, ಅವುಗಳಲ್ಲಿ ಆಡೂ ಇದೆ. ಮಣ್ಣು ಸರಿಸಿ ಅದನ್ನು ನೋಡಿದಾಗ ಝಮ್ಮಿಟ್‌ಗೆ ನಗು ಬಂದಿರಬೇಕು ಎಂದು ನನ್ನ ಊಹೆ.

ಆಡಿನ ರೋಗಾಣುವಿಗೂ ನಮ್ಮ ಹಸುಗಳ ಕಂದು ರೋಗಕ್ಕೂ ನಂಟು ಬೆಸೆದವಳು ಒಬ್ಬ ಹೆಂಗಸು, ಅಮೆರಿಕದ ಆಲಿಸ್ ಇವಾನ್ಸ್. ಹಸು ಕಂದು ಹಾಕಲು ಕಾರಣವಾದ ಸೂಕ್ಷ್ಮಾಣುವನ್ನು ಡೆನ್ಮಾರ್ಕಿನ ಬರ್ನ್‌ಹಾರ್ಡ್ ಬ್ಯಾಂಗ್ 1897ರಲ್ಲೇ ಗುರುತಿಸಿದ್ದ. ಎರಡೂ ಹತ್ತಿರದ ಸಂಬಂಧಿಗಳು, ಹಸುವಿನ ಹಸಿಹಾಲೂ ಅಪಾಯ ಎಂದು 1918ರಲ್ಲಿ ಇವಾನ್ಸ್ ಬರೆದಾಗ, ಡಾಕ್ಟರೇಟೂ ಇಲ್ಲದ ಈ ಹೆಣ್ಣಿಗೇನು ಗೊತ್ತು ಎಂದು ವಿದ್ವಾಂಸರು ಮೂಗು ಮುರಿದರು. ಹಾಲಿನ ವ್ಯಾಪಾರಿಗಳಂತೂ ಸಿಟ್ಟಾದರು. 1922ರಲ್ಲಿ ಪ್ರಯೋಗಾಲಯದಲ್ಲೇ ಆಕೆಗೆ ಆ ಜ್ವರ ತಗಲಿ ವರ್ಷಗಟ್ಟಲೆ ಕಾಡಿತು. ಆಮೇಲೆ ಎಲ್ಲರೂ ಒಪ್ಪಿದರು. ಇದನ್ನೆಲ್ಲ ಓದುವಷ್ಟು ಹೊತ್ತಿಗೆ ಅಪ್ಪ ಇರಲಿಲ್ಲ. ಇದ್ದಿದ್ದರೆ ‘ಆಯಮ್ಮನಿಗೂ ಕೈಗವಸು ಕೊಟ್ಟಿರಲಿಲ್ಲವೇನೋ’ ಎಂದಿರುತ್ತಿದ್ದರು.

ಸರಿ, ಚೀಸು ಹೇಗಿತ್ತು? ತಾಜಾ ಬಿಲ್ಲೆ ನನಗೆ ಸಪ್ಪೆ. ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿದ ಗಿಣ್ಣು ತಿಂದ ನಾಲಿಗೆಗೆ ಅದರಲ್ಲಿ ಏನೋ ಹಾಕಲು ಮರೆತಂತೆ ಅನಿಸುತ್ತದೆ. ಆದರೆ ಅದನ್ನೇ ತರಕಾರಿ ಸಾರಿನಲ್ಲಿ ಇಳಿಬಿಟ್ಟು, ‘ವಿಧವೆಯ ಸಾರು’ ಎಂದು ಬಡವರ ಮನೆಗಳಲ್ಲಿ ಮಾಡುತ್ತಿದ್ದರಂತೆ. ಅದು ಚೆನ್ನಾಗಿರಬಹುದು. ಒಣಗಿಸಿದ್ದು ಪರವಾಗಿಲ್ಲ, ಹಲ್ಲು ಗಟ್ಟಿ ಬೇಕು. ಮೆಣಸಿನದು ಮಾತ್ರ ಅದ್ಭುತ. ಮೊದಲು ಹುಳಿ, ಆಮೇಲೆ ಕುರಿಹಾಲಿನ ಜಿಡ್ಡು, ಕೊನೆಗೆ ಗಂಟಲಲ್ಲಿ ಮೆಣಸು. ಮಲೆನಾಡಿನವಳಾಗಿ ಮೆಣಸಿನ ವಿಷಯದಲ್ಲಿ ನಾನು ಸುಲಭಕ್ಕೆ ಒಪ್ಪುವವಳಲ್ಲ. ಅಲ್ಲಿ ಒಪ್ಪಿದೆ. ಗೊಜೊಗೆ ಹೋದವರು ಗುಹೆ ಬಿಟ್ಟರೂ ಅದನ್ನು ಬಿಡಬೇಡಿ.

ಇತ್ತೀಚೆಗೆ ಬೆಂಗಳೂರಿನಲ್ಲಿ ನಾಟಿ ಹಸುವಿನ ಹಸಿಹಾಲು ಅಮೃತ, ಕಾಯಿಸಿದರೆ ಸತ್ತ್ವ ಹೋಗುತ್ತದೆ ಎಂದು ಹೇಳಿ ಗಾಜಿನ ಬಾಟಲಿಯಲ್ಲಿ ದುಬಾರಿಗೆ ಮಾರುವವರು ಬಂದಿದ್ದಾರೆ. ನೋಡಲು ಚೆನ್ನಾಗಿದ್ದ ಆಡುಗಳ ಕಥೆ ಕೇಳಿದಿರಲ್ಲ, ಆ ಹಾಲನ್ನೂ ದಯವಿಟ್ಟು ಕಾಯಿಸಿ. ಊರಲ್ಲಿ ಕೊಟ್ಟಿಗೆ ಇರುವವರಿಗೆ ಇನ್ನೊಂದು ಕೋರಿಕೆ. ಕಂದು ರೋಗಕ್ಕೆ ಲಸಿಕೆ ಇದೆ. 2019ರಿಂದ ಕೇಂದ್ರ ಸರ್ಕಾರದ ಕಾರ್ಯಕ್ರಮದಲ್ಲೇ ಸೇರಿದೆ. ಹೆಣ್ಣುಗರುವಿಗೆ ನಾಲ್ಕು ತಿಂಗಳು ತುಂಬಿದ ಮೇಲೆ, ಎಂಟು ತಿಂಗಳು ದಾಟುವುದರೊಳಗೆ, ಜೀವಮಾನಕ್ಕೆ ಒಂದೇ ಸಲ. ದನದಾಸ್ಪತ್ರೆಗೆ ಹೇಳಿ ಹಾಕಿಸಿಬಿಡಿ. ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮುಟ್ಟಲು ಯಾರನ್ನೂ ಕರೆಯಬೇಡಿ.