ಹೆಸರು ಬರಸು

ತಿದಿ ನಿಲ್ಲಿಸಿ. ಹೊರಗೆ ಏನೋ ಸದ್ದು.

ಉಸಿರು ಬಿಗಿಹಿಡಿದು ಕೇಳಿ. ಎದೆಮಟ್ಟ ಬೆಳೆದ ಜೋಳದ ಮೇಲೆ ಗಾಳಿ ಹಾಯುತ್ತಿದೆ, ದೂರದ ಕುರುಚಲಿನಲ್ಲಿ ನರಿ ಊಳಿಡುತ್ತಿದೆ. ಸದ್ಯಕ್ಕೆ ಅಷ್ಟೇ. ಮುಖಕ್ಕೆ ಕುಲುಮೆಯ ಕಾವು, ಬೆನ್ನಿಗೆ ಚಳಿ. ನಾಲಿಗೆಯ ಮೇಲೆ ಇದ್ದಿಲ ಪುಡಿಯ ಕಹಿ. ಹುಣ್ಣಿಮೆಗೆ ಇನ್ನೆರಡೇ ದಿನ. ಬೆಳದಿಂಗಳಲ್ಲಿ ಓಣಿಯ ಒಂದೊಂದು ಕಲ್ಲೂ ಎಣಿಸುವಂತಿದೆ. ಅಡಗಬೇಕಾದವರಿಗೆ ಕೆಟ್ಟ ರಾತ್ರಿ.

1857ರ ನವೆಂಬರ್ 29, ಭಾನುವಾರ. ಊರು ಹಲಗಲಿ, ಮುಧೋಳ ಸಂಸ್ಥಾನಕ್ಕೆ ಸೇರಿದ್ದು. ಇಲ್ಲಿ ಬಂಡೆದ್ದವರ ಹೆಸರು ಲಾವಣಿಯಲ್ಲಿ ಉಳಿದಿದೆ, ಸತ್ತವರ ಲೆಕ್ಕ ಸರ್ಕಾರಿ ಕಾಗದದಲ್ಲಿದೆ. ಊರ ಕಂಬಾರನಿಗೆ ಎರಡರಲ್ಲೂ ಜಾಗ ಸಿಕ್ಕಿಲ್ಲ. ಖಾಲಿ ಬಿದ್ದಿರುವ ಅವನ ಅಡಿಗಲ್ಲಿನ ಮುಂದೆ ನಿಮ್ಮನ್ನು ಕೂರಿಸಿದ್ದೇನೆ.

ಬಾಗಿಲಲ್ಲಿ ನೆರಳು ಬಿತ್ತು. ಬೇಡರ ಓಣಿಯ ಹುಡುಗ, ಮೀಸೆ ಈಗಷ್ಟೇ ಚಿಗುರುತ್ತಿದೆ. ಕಂಬಳಿಯೊಳಗಿಂದ ಕತ್ತಿ ತೆಗೆದು ನಿಮ್ಮ ಕಾಲ ಹತ್ತಿರ ಇಡುತ್ತಾನೆ. ಹಿಡಿಗೆ ಸುತ್ತಿದ ಚರ್ಮ ಅವರಜ್ಜನ ಬೆವರಿಗೆ ಕಪ್ಪಾಗಿದೆ.

“ಕಾಕಾ, ಇದಕ್ಕಷ್ಟು ಸಾಣಿ ಹಿಡದು ಕೊಡ್ರಿ.”

ನೀವು ಕತ್ತಿ ಮುಟ್ಟುವುದಿಲ್ಲ. ಮುಟ್ಟಿದರೆ ಏನಾದೀತೆಂದು ನಿಮಗೆ ಗೊತ್ತಿದೆ. ಉತ್ತರದಲ್ಲಿ ಸಿಪಾಯಿಗಳು ದಂಗೆ ಎದ್ದ ಮೇಲೆ ಕಂಪನಿ ಸರ್ಕಾರ ಸೆಪ್ಟೆಂಬರಿನಲ್ಲಿ ನಿಶ್ಶಸ್ತ್ರೀಕರಣದ ಕಾಯದೆ ತಂದಿತು. ಹತಾರ ಇದ್ದವರು ತಂದು ತೋರಿಸಬೇಕು, ಹೆಸರು ಬರೆಸಬೇಕು, ಪರವಾನಗಿ ಪಡೆಯಬೇಕು. ಮುಧೋಳದ ಘೋರ್ಪಡೆ ದರ್ಬಾರು ಅದನ್ನೇ ತನ್ನ ಪ್ರಜೆಗಳಿಗೂ ಹೇಳಿಸಿತು. ಬೇಡರು ಒಪ್ಪಲಿಲ್ಲ. ಕಾವಲು ಕಾಯುವ, ಬೇಟೆಯಾಡುವ, ಕರೆದಾಗ ದಂಡಿಗೆ ಹೋಗುವ ಜನ ಅವರು. ಕತ್ತಿ ಅವರ ಸಂಬಳದ ಚೀಟಿ. ಪಟ್ಟಿಗೆ ಒಮ್ಮೆ ಹೆಸರು ಹೋದರೆ ಕತ್ತಿಯೂ ಅದರ ಹಿಂದೆಯೇ ಹೋಗುತ್ತದೆಂದು ಅವರಿಗೆ ಅನುಮಾನ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರ ಮಾತಿಗೆ ಊರು ಗಟ್ಟಿಯಾಗಿ ನಿಂತಿತು. ಮಂಟೂರು, ಬೂದ್ನಿ, ಆಲಗುಂಡಿಗಳಿಂದಲೂ ಜನ ಬಂದು ಕೂಡಿಕೊಂಡರು.

ನೀವು ಬೇಡರಲ್ಲ. ಈಗಲೇ ಕುಲುಮೆಗೆ ನೀರು ಹಾಕಿ ಮಲಗಬಹುದು. ಕಿತ್ತೂರು ಬಿದ್ದಾಗ ನೀವಿನ್ನೂ ಹುಡುಗ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ ಸುದ್ದಿ ಬಂದ ದಿನ ನಿಮ್ಮಪ್ಪ ಊಟ ಬಿಟ್ಟಿದ್ದು ನೆನಪಿದೆ. ಆದರೆ ಪ್ರತಿ ಸುಗ್ಗಿಗೂ ಬೇಡರ ಮನೆಗಳಿಂದ ಆಯದ ಜೋಳ ಬಂದಿದೆ. ಅದನ್ನುಂಡು ಬೆಳೆದ ಮೈ ಇದು. ಈ ಹುಡುಗನ ತೊಟ್ಟಿಲಿಗೆ ಕೊಂಡಿ ಬಡಿದುಕೊಟ್ಟವರೂ ನೀವೇ.

ಕತ್ತಿ ಎತ್ತಿಕೊಳ್ಳುತ್ತೀರಿ. ಸಾಣೆ ಕಿರುಗುಡುತ್ತದೆ, ಕಿಡಿ ಮುಂಗೈ ಮೇಲೆ ಸಿಡಿದು ಚುರ್ ಎನ್ನುತ್ತದೆ. ಅಲಗಿನ ಮೇಲೆ ಹೆಬ್ಬೆರಳು ಅಡ್ಡ ಹಾಯಿಸಿ ನೋಡುತ್ತೀರಿ. ಹದ ಸರಿಯಾಗಿದೆ.

“ರೊಕ್ಕ ನಾಳೆ ಕೊಡ್ತೀನಿ, ಕಾಕಾ.”

ಅವನು ಓಣಿ ದಾಟುವ ಮೊದಲೇ ನೆಲ ನಡುಗುತ್ತದೆ. ಈ ಸಲ ಗಾಳಿಯಲ್ಲ. ಕುದುರೆಗಳು.

ಕಂಪನಿಯ ಲೆಫ್ಟಿನೆಂಟ್ ಕರ್‌ನ ಸವಾರರು ಬಂದಿದ್ದಾರೆ. ಹಿಂದೆ ಕರ್ನಲ್ ಮಾಲ್ಕಮ್‌ನ ದಂಡಿದೆ. ಮಾಳಿಗೆಗಳ ಮೇಲಿಂದ ಮೊದಲ ಗುಂಡು ಹಾರುತ್ತದೆ, ಆಮೇಲೆ ಎಣಿಸುವುದಾಗುವುದಿಲ್ಲ. ಮದ್ದಿನ ಹೊಗೆ ಗಂಟಲಿಗೆ ಇಳಿದು ಕೆಮ್ಮು ಬರುತ್ತದೆ. ಎಲ್ಲೋ ಕುದುರೆಯೊಂದು ಬಿದ್ದು ಒದ್ದಾಡುತ್ತಿದೆ. ಬೆಳಗಾದರೂ ಬೇಡರು ಮನೆ ಬಿಟ್ಟು ಹೊರಗೆ ಬರುವುದಿಲ್ಲ. ಹಾಗಾದರೆ ಮನೆಗಳೇ ಬೇಡ ಎಂದು ದಂಡು ತೀರ್ಮಾನಿಸುತ್ತದೆ.

ಬೆಂಕಿ.

ಮೊದಲು ಬಣವೆ ಹೊತ್ತಿತು. ಆಮೇಲೆ ತೊಲೆ, ಜಂತಿ, ಬಾಗಿಲು. ಗೋದಲಿಯ ಎತ್ತು ಹಗ್ಗ ಜಗ್ಗುತ್ತಿದೆ. ಬಿಚ್ಚುತ್ತೀರಾ? ಬಾಗಿಲಿಗೆ ಓಡುತ್ತೀರಾ? ಓಣಿಯಲ್ಲಿ ಬೂಟು. ಹಿತ್ತಲಲ್ಲಿ ಹೊಗೆ. ಎತ್ತಿನ ಹಗ್ಗ ಕೊಯ್ದಿರಿ. ಅಷ್ಟರಲ್ಲಿ ಹೆಂಡತಿ ಅಂಗಳದ ಹಗೇವಿನ ಚಪ್ಪಡಿ ಸರಿಸಿದ್ದಾಳೆ.

“ಇಳೀರಿ ಲಗೂನ!”

ಹಗೇವಿನ ಬಾಯಿ ತೆರೆದ ಕೂಡಲೇ ಯಾರೂ ಇಳಿಯಬಾರದು. ತಳದ ಕೆಟ್ಟ ಗಾಳಿ ಆಡಿಹೋಗಲು ಹೊತ್ತು ಕೊಡಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ಮಾತು. ಮೇಲೆ ನಿಂತರೆ ಬೆಂಕಿ, ಇಳಿದರೆ ಈ ಗಾಳಿ. ಇಳಿಯುತ್ತೀರಿ.

ಕತ್ತಲು. ಮುಗ್ಗಿದ ಜೋಳದ ಹುಳಿ ವಾಸನೆ ಮೂಗಿಗೆ ಅಡರುತ್ತದೆ. ಹೊಸ ಸುಗ್ಗಿ ಇನ್ನೂ ದೂರವಿರುವುದರಿಂದ ಮೊಣಕಾಲಷ್ಟೇ ಕಾಳಿದೆ. ನಿಂತಲ್ಲೇ ಕಾಲು ಹೂಳುತ್ತದೆ. ತಲೆ ಸುತ್ತುತ್ತಿದೆ. ಹೆಂಡತಿಯ ಹಣೆ ನಿಮ್ಮ ಭುಜಕ್ಕೆ ಒತ್ತಿದೆ. ಮೇಲಿಂದ ಹೊಗೆ ಇಳಿಯದಂತೆ ಚಪ್ಪಡಿ ಎಳೆಯಬೇಕು. ಪೂರ್ತಿ ಎಳೆದರೆ ಉಸಿರಿಲ್ಲ. ನಾಲ್ಕು ಬೆರಳಿನ ಸಂದು ಬಿಡುತ್ತೀರಿ. ಇಡೀ ದಿನ ನಿಮ್ಮ ಪಾಲಿಗೆ ಆಕಾಶವೆಂದರೆ ಅಷ್ಟೇ. ಅದರಲ್ಲಿ ಕಿರುಚಾಟ ಬರುತ್ತದೆ, ಗುಂಡಿನ ಸದ್ದು ಬರುತ್ತದೆ, ಕೊನೆಗೆ ಏನೂ ಬರುವುದಿಲ್ಲ.

ಹೊರಬಂದಾಗ ಊರಿಲ್ಲ. ಸುಮಾರು ನೂರು ಜನ ಸತ್ತಿದ್ದಾರೆ. 290 ಮಂದಿಯನ್ನು ಹಿಡಿದು ಒಯ್ದಿದ್ದಾರೆ. ಕತ್ತಿಯ ಹುಡುಗ ಸತ್ತವರಲ್ಲೂ ಕಾಣಲಿಲ್ಲ.

ಡಿಸೆಂಬರ್ 11, ಶುಕ್ರವಾರ. ಮುಧೋಳದ ಸಂತೆ. ಬೂದಿಯೊಳಗಿಂದ ಹೆಕ್ಕಿದ ಕುಡುಗೋಲು, ಕುರ್ಚಗಿ, ಎರಡು ಕುಳಗಳನ್ನು ಕಂಬಳಿಯಲ್ಲಿ ಕಟ್ಟಿ ಹೊತ್ತು ತಂದಿದ್ದೀರಿ. ಬೆಂಕಿಗೆ ಸಿಕ್ಕಿ ಹದ ಕಳೆದುಕೊಂಡ ಕಬ್ಬಿಣಕ್ಕೆ ಅರ್ಧ ಬೆಲೆಯೂ ಬಾರದು. ಆದರೂ ಹೊಟ್ಟೆ ಕೇಳುವುದಿಲ್ಲ.

ರನ್ನ ಹುಟ್ಟಿದ ಊರು ಇದು. ವಾಡೆಯ ಮೇಲೆ ಘೋರ್ಪಡೆಯವರ ನಿಶಾನೆ ಹಾರುತ್ತಿದೆ. ಕಂದಾಯ ಅವರದು, ತಕರಾರು ತೀರಿಸುವವರೂ ಅವರೇ ಎಂದು ನೀವು ಇಷ್ಟು ದಿನ ನಂಬಿದ್ದಿರಿ. ಇವತ್ತು ದಾರಿ ಬಾಯಲ್ಲಿ ಕಂಪನಿಯ ಸಿಪಾಯಿಗಳು ನಿಂತಿದ್ದಾರೆ. ಪಕ್ಕದಲ್ಲಿ ಕಾರಕೂನ, ಅವನ ತೊಡೆಯ ಮೇಲೆ ಕಾಗದ.

“ಗಂಟಿನ್ಯಾಗ ಏನೈತಿ?”

“ಕುಡಗೋಲ್ರಿ.”

ಸಿಪಾಯಿ ಒಂದನ್ನು ಎತ್ತಿ ಹಲ್ಲು ನೋಡುತ್ತಾನೆ. ಕತ್ತಿ ಬಡಿದ ಕೈಯೇ ಇದನ್ನೂ ಬಡಿದದ್ದು. ಯಾವುದು ಹೊಲದ್ದು, ಯಾವುದು ಬಂಡಾಯದ್ದು ಎಂದು ಕಬ್ಬಿಣ ಹೇಳುವುದಿಲ್ಲ. ಈ ಮನುಷ್ಯ ಹೇಳಬೇಕು. ನಿಮ್ಮ ಬೆನ್ನಹುರಿಯ ಗುಂಟ ಬೆವರು ಇಳಿಯುತ್ತಿದೆ. ಸಾಣೆಯ ಕಿಡಿ ಸುಟ್ಟ ಗುರುತು ಮುಂಗೈ ಮೇಲೆ ಇನ್ನೂ ಕೆಂಪಗಿದೆ. ಕೈಯನ್ನು ಕಂಬಳಿಯ ಕೆಳಗೆ ಸರಿಸುತ್ತೀರಿ.

“ಹೆಸರು ಬರಸು,” ಎನ್ನುತ್ತಾನೆ ಕಾರಕೂನ.

ಎರಡೇ ಶಬ್ದ. ಒಂದು ಊರು ಸುಟ್ಟದ್ದು ಇದಕ್ಕೇ. ತಿರುಗಿ ನಡೆದರೆ ಬೆನ್ನಿಗೆ ಗುಂಡು ಬೀಳಬಹುದು. ಸುಳ್ಳು ಹೆಸರು ಹೇಳಿದರೆ ಸಂತೆಯಲ್ಲಿ ಗುರುತಿನವರು ಯಾರಾದರೂ ಕೂಗಿ ಕರೆದಾರು. ಹೆಂಡತಿ ಸುಟ್ಟ ಗೋಡೆಯ ಮರೆಯಲ್ಲಿ ಕಾಯುತ್ತಿದ್ದಾಳೆ. ಬಾಯಿ ಒಣಗಿದೆ, ನಿಮ್ಮ ಹೆಸರು ನಿಮಗೇ ಸಲೀಸಾಗಿ ಹೊರಡುತ್ತಿಲ್ಲ. ಹೇಳುತ್ತೀರಿ. ಅವನು ಬರೆದುಕೊಳ್ಳುತ್ತಾನೆ, ತಲೆ ಎತ್ತುವುದಿಲ್ಲ.

ಒಳಗೆ ಸಂತೆ ನೆರೆದಿದೆ. ಉಳ್ಳಾಗಡ್ಡಿ, ಬೆಲ್ಲ, ಒಣಮೆಣಸಿನಕಾಯಿಯ ಘಾಟು. ಆದರೆ ಚೌಕಾಸಿಯ ಗದ್ದಲವಿಲ್ಲ. ತಕ್ಕಡಿ ಹಿಡಿದವನೂ ಕಾಳು ಸುರಿಸುತ್ತಿದ್ದವಳೂ ಒಂದೇ ಕಡೆ ಮುಖ ಮಾಡಿದ್ದಾರೆ. ಬೇಕೆಂದೇ ಸಂತೆಯ ದಿನ ಆರಿಸಿದ್ದಾರೆ. ಸುತ್ತಲಿನ ಹಳ್ಳಿಗಳೆಲ್ಲ ನೋಡಬೇಕು.

ಹದಿಮೂರು ಮಂದಿ. ನೀವು ಎಣಿಸಬಾರದೆಂದುಕೊಂಡರೂ ಕಣ್ಣು ಎಣಿಸುತ್ತದೆ. ಅವರಲ್ಲೊಬ್ಬನ ಮೀಸೆ ಈಗಷ್ಟೇ ಚಿಗುರುತ್ತಿದೆಯೇ ಎಂದು ಹುಡುಕುತ್ತೀರಿ, ಇಲ್ಲದಿರಲಿ ಎಂದೂ ಬೇಡಿಕೊಳ್ಳುತ್ತೀರಿ. ಜನರ ತಲೆ ಅಡ್ಡ ಬರುತ್ತದೆ. ಹಗ್ಗ ಬಿಗಿಯುವ ಸದ್ದು, ಹಲಗೆಯ ಸದ್ದು. ನಿಮ್ಮ ಪಕ್ಕದವನು ಯಾವುದೋ ದೇವರ ಹೆಸರನ್ನು ಅರ್ಧ ಹೇಳಿ ನಿಲ್ಲಿಸುತ್ತಾನೆ. ಹೊಟ್ಟೆಯೊಳಗಿನ ಹುಳಿ ಗಂಟಲಿಗೆ ಬರುತ್ತದೆ, ಅದನ್ನು ನುಂಗಿಕೊಳ್ಳುತ್ತೀರಿ. ವಾಂತಿ ಮಾಡಿಕೊಂಡವನ ಹೆಸರನ್ನು ಯಾರಾದರೂ ಕೇಳಿಯಾರು.

ನಿಮ್ಮ ದೃಷ್ಟಿ ವಾಡೆಯತ್ತ ಹೊರಳುತ್ತದೆ. ನಿಶಾನೆ ಅಲ್ಲೇ ಹಾರುತ್ತಿದೆ. ಸಂತೆಗೆ ಬಂದ ಎಲ್ಲರ ಕಣ್ಣೂ ಅಲ್ಲಿಗೆ ಹೋಗಿ ತಿರುಗಿ ನೆಲಕ್ಕೆ ಬಂದಿದೆ. ಊರು ರಾಜನದು, ಪ್ರಜೆಗಳು ರಾಜನವರು, ಹಗ್ಗ ಬೇರೆಯವರದು. ಯಾರ ಆಳ್ವಿಕೆಯಲ್ಲಿ ಬದುಕುತ್ತಿದ್ದೇವೆಂದು ಮುಧೋಳದ ರೈತನಿಗೆ ಈ ಮಧ್ಯಾಹ್ನ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

“ಕುಡಗೋಲು ಹ್ಯಾಂಗ ಕೊಟ್ಟಿ?” ಯಾರೋ ಪಿಸುದನಿಯಲ್ಲಿ ಕೇಳುತ್ತಿದ್ದಾರೆ. ಜೋಳ ಕೊಯ್ಲಿಗೆ ಬರುತ್ತದೆ, ಕೊಯ್ಯಲೇಬೇಕು. ಮಾರುತ್ತೀರಿ. ಹದ ಹೋಗಿದೆ ಎಂದು ಹೇಳಿಯೇ ಮಾರುತ್ತೀರಿ. ಮೂರು ದಿನಕ್ಕೆ ಹಲಗಲಿಯಲ್ಲೇ ಇನ್ನೂ ಆರು ಮಂದಿಯನ್ನು ಗಲ್ಲಿಗೇರಿಸುತ್ತಾರೆ. ಆಗಲೂ ನೀವು ನಿಂತು ನೋಡಬೇಕಾಗುತ್ತದೆ.

ಮುಂದಿನ ನವೆಂಬರಿನಲ್ಲಿ ಕಂಪನಿ ಹೋಗಿ ರಾಣಿಯ ಆಳ್ವಿಕೆ ಬರುತ್ತದೆ. ಹತಾರದ ಕಾಯದೆ ಹೋಗುವುದಿಲ್ಲ. 1878ರಲ್ಲಿ ಇನ್ನಷ್ಟು ಬಿಗಿಯಾಗುತ್ತದೆ. ಘೋರ್ಪಡೆಯವರ ಗಾದಿ ಆ ಶುಕ್ರವಾರದ ಮೇಲೂ ತೊಂಬತ್ತು ವರ್ಷ ಬಾಳಿ, 1948ರ ಮಾರ್ಚ್ 8ರಂದು ಮುಗಿಯುತ್ತದೆ. ನೆರೆಯ ಜಮಖಂಡಿ ಸಂಸ್ಥಾನದ ಪಟವರ್ಧನರದೂ ಅದೇ ದಿನ. ಎರಡೂ ಸಂಸ್ಥಾನಗಳು ಮುಂಬಯಿ ಪ್ರಾಂತಕ್ಕೆ ಸೇರುತ್ತವೆ, 1956ರಲ್ಲಿ ಅಲ್ಲಿಂದ ಮೈಸೂರು ರಾಜ್ಯಕ್ಕೆ.

ನಡುವೆ ಒಂದು ದಿನ ನಿಮ್ಮನ್ನು ಮತ್ತೆ ಇಳಿಸುತ್ತೇನೆ. ಮೊದಲ ಮಹಾಚುನಾವಣೆಗೆ ಮತದಾರರ ಪಟ್ಟಿ ತಯಾರಾಗುತ್ತಿದೆ. ಅದೇ ಮನೆತನದ ಮೂರ್ನಾಲ್ಕು ತಲೆಮಾರಿನ ಆಚೆಯ ಕಂಬಾರ ನೀವು. ಇದ್ದಿಲ ಕಹಿ ನಾಲಿಗೆಯ ಮೇಲೆ ಹಾಗೆಯೇ ಇದೆ. ಕಟ್ಟೆಯ ಮೇಲೆ ಕಾರಕೂನ, ಅವನ ತೊಡೆಯ ಮೇಲೆ ಕಾಗದ. ಹೆಸರು ಬರಸು, ಎನ್ನುತ್ತಾನೆ. ಒಂದು ಗಳಿಗೆ ಬೆನ್ನು ತಣ್ಣಗಾಗುತ್ತದೆ. ಈ ಪಟ್ಟಿ ಕಸಿದುಕೊಳ್ಳಲು ಬಂದದ್ದಲ್ಲ, ಆಳುವವರನ್ನು ಆರಿಸುವ ಪಟ್ಟಿ ಎಂದು ಶಾಲೆ ಮಾಸ್ತರರು ಹೇಳಿದ್ದಾರೆ. ನಂಬಬೇಕೋ ಬೇಡವೋ? ನಂಬಿ ಹೇಳುತ್ತೀರಿ.

“ಮನಿಯಾಕಿ?”

“ಬರಕೋರಿ, ಕಂಬಾರನ ಹೆಂಡತಿ ಅಂತ.”

“ಹಂಗ ಬರಿಯಾಕ ಬರೂದಿಲ್ಲ. ಆಕಿ ಹೆಸರು ಬೇಕು.”

ಇದೇ ಕಾರಣಕ್ಕೆ ದೇಶದಾದ್ಯಂತ ಸುಮಾರು 28 ಲಕ್ಷ ಹೆಂಗಸರು ಆ ಪಟ್ಟಿಯಿಂದ ಹೊರಗುಳಿಯುತ್ತಾರೆ. ನೀವು ತಡವರಿಸುತ್ತೀರಿ, ಹೆಂಡತಿಯ ಹೆಸರನ್ನು ನಾಲ್ಕು ಜನರೆದುರು ಎತ್ತಿದ ರೂಢಿ ಇಲ್ಲ. ಅಷ್ಟರಲ್ಲಿ ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ. ಕೈಗೆ ಹಿಟ್ಟು ಮೆತ್ತಿಕೊಂಡೇ ಅವಳು ಬಾಗಿಲಿಗೆ ಬಂದು, ಕಾರಕೂನನಿಗೆ ಕೇಳುವಂತೆ ತನ್ನ ಹೆಸರನ್ನು ತಾನೇ ಹೇಳುತ್ತಾಳೆ. ಬರೆದದ್ದನ್ನು ಓದಿ ತೋರಿಸು ಎಂದು ನಿಂತುಕೊಳ್ಳುತ್ತಾಳೆ.