ಅತ್ತೂರಿನ ಇಗರ್ಜಿಯಲ್ಲಿ

ಕಾರ್ಕಳದ ಗೊಮ್ಮಟನ ದರ್ಶನ ಮುಗಿಸಿ ನಾವು ಸಮೀಪದ ಅತ್ತೂರಿಗೆ ಹೊರಟೆವು. ಅಲ್ಲಿನ ಸಂತ ಲಾರೆನ್ಸರ ಇಗರ್ಜಿಯ ಜನವರಿ ಜಾತ್ರೆಗೆ ಮತಭೇದವಿಲ್ಲದೆ ಜನ ನೆರೆಯುತ್ತಾರೆ. ನಾವು ಹೋದದ್ದು ಜಾತ್ರೆಯಿಲ್ಲದ ಒಂದು ಸಂಜೆ.

ಲಾರೆನ್ಸರು ಕ್ರಿ. ಶ. 258ರಲ್ಲಿ ರೋಮಿನಲ್ಲಿ ತಮ್ಮ ವಿಶ್ವಾಸಕ್ಕಾಗಿ ಪ್ರಾಣತೆತ್ತವರು. ಕಾದ ಕಬ್ಬಿಣದ ಸರಳುಗಳ ಮೇಲೆ ಅವರನ್ನು ಸುಟ್ಟರೆಂಬುದು ಐತಿಹ್ಯ.

ಅವರನ್ನು ನಂಬಿದ ಈ ಊರಿನವರಿಗೂ ಅಗ್ನಿಪರೀಕ್ಷೆ ತಪ್ಪಲಿಲ್ಲ. 1759ರಲ್ಲಿ ಸ್ಥಾಪನೆಗೊಂಡ ಇಗರ್ಜಿಯು 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ನಾಶವಾಯಿತು. ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸೆರೆಯೊಯ್ದರು. ದಾರಿಯಲ್ಲಿಯೂ ಸೆರೆಯಲ್ಲಿಯೂ ಮಡಿದವರು ಅನೇಕರು. 15 ವರ್ಷಗಳ ತರುವಾಯ, 1799ರಲ್ಲಿ ಬಿಡುಗಡೆಹೊಂದಿ ಮರಳಿದವರು 1801ರಲ್ಲಿ ಮಣ್ಣುಗೋಡೆ, ಹುಲ್ಲುಮಾಡಿನ ಪ್ರಾರ್ಥನಾಮಂದಿರವನ್ನು ಕಟ್ಟಿಕೊಂಡರು. ಆ ಪರಂಪರೆಯ ಇಗರ್ಜಿಗೆ 2016ರಲ್ಲಿ ಬೆಸಿಲಿಕದ ಗೌರವ ಲಭಿಸಿತು.

ಒಳಗೆ ಮೇಣದ ಬತ್ತಿ ಹಚ್ಚುತ್ತಿದ್ದ ವೃದ್ಧೆಯೊಬ್ಬರನ್ನು, “ಏನು ಹರಕೆ, ಬಾಯಮ್ಮ?” ಎಂದು ನನ್ನ ಪತ್ನಿ ವಿಚಾರಿಸಿದಳು.

“ಮಗನ ಕಾಯಿಲೆ ಗುಣವಾಗಲೆಂದು ಮೂರು ವರ್ಷ ಹರಕೆ ಹೊತ್ತೆನಮ್ಮ. ದೇವರು ಅವನನ್ನು ಕರೆದುಕೊಂಡರು. ಈಗ ಹರಕೆಯಿಲ್ಲ, ಸುಮ್ಮನೆ ಬರುತ್ತೇನೆ.”

“ದೇವರ ಮೇಲೆ ಸಿಟ್ಟು ಬರಲಿಲ್ಲವೇ?”

“ಬಂದಿತ್ತು. ಸಿಟ್ಟನ್ನೂ ಇಲ್ಲಿಗೇ ತಂದೆ. ಬೇರೆ ಎಲ್ಲಿಗೆ ಒಯ್ಯಲಿ?”

ಶರಣಾಗತಿಯೆಂದರೆ ನೋವನ್ನು ಮರೆಯುವುದೆಂದು ನಾನು ತಿಳಿದಿದ್ದೆ. ಬೇಡಿದ್ದು ದೊರೆಯದ ಮೇಲೂ ಅದೇ ಬಾಗಿಲಿಗೆ ಬರುವುದೆಂದು ಆ ತಾಯಿ ತಿಳಿಸಿಕೊಟ್ಟರು. ಸೆರೆಯಲ್ಲಿ ತಮ್ಮವರನ್ನು ಕಳೆದುಕೊಂಡು ಬಂದು ಮಣ್ಣುಗೋಡೆ ಎಬ್ಬಿಸಿದವರ ಮನಸ್ಸೂ ಆಗ ನನಗೆ ಸ್ವಲ್ಪಮಟ್ಟಿಗೆ ಅರ್ಥವಾಯಿತು.